ಅಮೇರಿಕಾದ ಸ್ವಾತಂತ್ರ್ಯಸಮರದ ಖಡ್ಗಗಳು

ಅಮೇರಿಕಾದ ಸ್ವಾತಂತ್ರ್ಯಸಮರಕಾಲದ (೧೭೭೫–೧೭೮೩) ಖಡ್ಗಗಳ ಸಂಗ್ರಾಹಕರು ಅಲಗೊಂದನ್ನೇ ನೋಡಿ ದೇಶಕಾಲಗಳನ್ನು ನಿರ್ಣಯಿಸಬಾರದು. ಅಲಗುಗಳಲ್ಲನೇಕವು ಯೂರೋಪಿನಿಂದ ಬಂದವು. ಅವಕ್ಕೆ ಹಿಡಿಯನ್ನು ಕೂಡಿಸಿದವರು ಅಮೇರಿಕಾದ ಅಕ್ಕಸಾಲಿಗರು. ಓಲೆಯ ಪ್ರತಿಯಲ್ಲಿ ಕವಿಯನ್ನೂ ಲಿಪಿಕಾರನನ್ನೂ ಬೇರ್ಪಡಿಸುವಂತೆ ಇಲ್ಲಿಯೂ ಎರಡು ಕೈಗಳನ್ನು ವಿವೇಚಿಸಬೇಕು. ಅಂಕಿತವನ್ನು ಆಮೇಲೆಯೂ ಒತ್ತಬಹುದಾದುದರಿಂದ ಪರಂಪರೆಯ ಲೇಖವೇ ಬಲವತ್ತರವಾದ ಪ್ರಮಾಣವು.

ವಾಷಿಂಗ್ಟನ್ನನು ೧೭೯೯ರ ತನ್ನ ಮರಣಶಾಸನದಲ್ಲಿ ಸೋದರಸೋದರಿಯರ ಮಕ್ಕಳೈವರಿಗೆ ಒಂದೊಂದು ಖಡ್ಗವನ್ನಿತ್ತು, ಆತ್ಮರಕ್ಷಣೆಗೂ ದೇಶರಕ್ಷಣೆಗೂ ಹೊರತು ರಕ್ತಪಾತಕ್ಕಾಗಿ ಅದನ್ನು ಒರೆಯಿಂದ ಹಿರಿಯಕೂಡದೆಂದು ವಿಧಿಸಿದನು. ಅವುಗಳಲ್ಲೊಂದು ಜಾನ್ ಬೇಯ್ಲಿಯು ಹಸುರು ದಂತದ ಹಿಡಿಯಿಟ್ಟು ನಿರ್ಮಿಸಿದುದು. ೧೮೪೩ರಲ್ಲಿ ರಾಷ್ಟ್ರಸಭೆಗೆ ಸಮರ್ಪಿತವಾಗಿ, ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಅದರ ಪ್ರಾಮಾಣ್ಯಕ್ಕೆ ಈ ಲೇಖಗಳೇ ಆಧಾರ. ಆದಕಾರಣ ಹಳೆಯ ಖಡ್ಗವನ್ನು ಕೊಳ್ಳುವವರು ಅದರೊಡನೆ ಬಂದ ಕಾಗದಪತ್ರಗಳನ್ನು ಅಗಲಿಸಬಾರದು; ಅವು ಕಳೆದರೆ ಚರಿತ್ರೆಗೆ ಸಾಕ್ಷಿಯೊಂದು ಕಳೆದಂತೆಯೇ ಸರಿ.