ಹಳೆಯ ವಾಹನಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್: ಗೇರ್ ಬದಲಾವಣೆಯ ದೋಷಪತ್ತೆ

ಗೇರ್ ತಡವಾಗಿ ಬೀಳುವುದು, ಬೀಳುವಾಗ ಗಾಡಿ ಜರ್ಕ್ ಹೊಡೆಯುವುದು, ಬಿದ್ದ ಗೇರ್ ಜಾರುವುದು, ಯಾವುದೋ ಒಂದು ಗೇರ್ ಪೂರ್ತಿ ಕೈಕೊಡುವುದು ಹಳೆಯ ಆಟೊಮ್ಯಾಟಿಕ್ ವಾಹನಗಳ ಸಾಮಾನ್ಯ ದೂರುಗಳು. ಇವುಗಳ ಮೂಲ ಗೇರ್‌ಬಾಕ್ಸ್‌ನ ಹೊರಗಿದೆಯೋ ಒಳಗಿದೆಯೋ, ಒಳಗಿದ್ದರೆ ಯಾವ ಭಾಗದಲ್ಲಿದೆ ಎಂಬುದನ್ನು ಗೇರ್‌ಬಾಕ್ಸ್ ಇಳಿಸುವ ಮೊದಲೇ ಗೊತ್ತುಮಾಡಿಕೊಳ್ಳುವ ಕ್ರಮಬದ್ಧ ಪರೀಕ್ಷೆಯೇ ದೋಷಪತ್ತೆ. ಪ್ರತಿ ಗೇರ್‌ನಲ್ಲೂ ಯಾವ ಕ್ಲಚ್, ಯಾವ ಬ್ಯಾಂಡ್ ಹಿಡಿದಿರುತ್ತದೆ ಎಂಬುದು ನಿಶ್ಚಿತ. ಆದ್ದರಿಂದ ಕೆಟ್ಟ ಗೇರ್‌ಗಳನ್ನೂ ಸರಿಯಾಗಿರುವ ಗೇರ್‌ಗಳನ್ನೂ ಹೋಲಿಸಿ ನೋಡಿದರೆ ಕೆಟ್ಟ ಭಾಗವನ್ನು ಬಹುಮಟ್ಟಿಗೆ ಊಹಿಸಬಹುದು. ಆಯಿಲ್, ಕೇಬಲ್, ರಬ್ಬರ್ ಕೊಳವೆಗಳಂಥ ಹೊರಗಿನ ವಸ್ತುಗಳ ಪರೀಕ್ಷೆ ಇದಕ್ಕೂ ಮೊದಲು ಮುಗಿಯಬೇಕು.

ವ್ಯಾಪ್ತಿ ಮತ್ತು ಹಿನ್ನೆಲೆ

ಜನರಲ್ ಮೋಟರ್ಸ್‌ನ ಹೈಡ್ರಾ-ಮ್ಯಾಟಿಕ್ 1939ರಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳ ಜೊತೆ ಮಾರುಕಟ್ಟೆಗೆ ಬಂತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅದು. 1956ರಲ್ಲಿ ಬಂದ ಕ್ರೈಸ್ಲರ್‌ನ ಟಾರ್ಕ್‌ಫ್ಲೈಟ್, ಟಾರ್ಕ್ ಕನ್ವರ್ಟರ್ ಜೊತೆಗೆ ಮೂರು ಗೇರ್‌ಗಳ ಸಿಂಪ್ಸನ್ ಗ್ರಹಚಕ್ರ ಜೋಡಣೆಯನ್ನು ಬಳಸಿತು. ಜನರಲ್ ಮೋಟರ್ಸ್‌ನ ಟರ್ಬೊ-ಹೈಡ್ರಾಮ್ಯಾಟಿಕ್ 400 (1964) ಮತ್ತು 350 (1969), ಫೋರ್ಡ್‌ನ ಸಿ4 ಮತ್ತು ಸಿ6 ಇದೇ ಮಾದರಿಯಲ್ಲಿ ಮುಂದುವರಿದವು. 1980ರ ದಶಕದಲ್ಲಿ ನಾಲ್ಕನೆಯ ಗೇರ್, ಟಾರ್ಕ್ ಕನ್ವರ್ಟರ್ ಜಾರದಂತೆ ಹಿಡಿಯುವ ಲಾಕಪ್ ಕ್ಲಚ್ ಹಾಗೂ ಎಲೆಕ್ಟ್ರಾನಿಕ್ ನಿಯಂತ್ರಣ ವ್ಯಾಪಕವಾದವು.

ಈ ಲೇಖನ ಅಂಥ ಗ್ರಹಚಕ್ರದ ಗೇರ್‌ಬಾಕ್ಸ್‌ಗಳಿಗೆ ಸೀಮಿತ. ಭಾರತದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಪರಿಚಿತವಾದ ಎಎಂಟಿ ಸಾಮಾನ್ಯ ಗೇರ್‌ಬಾಕ್ಸ್‌ಗೇ ಕ್ಲಚ್ ಒತ್ತುವ, ಗೇರ್ ಹಾಕುವ ಯಂತ್ರಾಂಗವನ್ನು ಜೋಡಿಸಿದ ವ್ಯವಸ್ಥೆ. ಅದಕ್ಕೂ ನಿಶ್ಚಿತ ಗೇರ್‌ಗಳಿಲ್ಲದ ಸಿವಿಟಿಗೂ ಇಲ್ಲಿನ ಪರೀಕ್ಷೆಗಳು ಅನ್ವಯಿಸುವುದಿಲ್ಲ.

ಗೇರ್ ಬದಲಾಗುವ ಬಗೆ

ಎಂಜಿನ್ ತಿರುಗಿದಂತೆ ಮುಂಭಾಗದ ಪಂಪು ಆಯಿಲ್‌ಗೆ ಒತ್ತಡ ಕೊಡುತ್ತದೆ. ವಾಲ್ವ್ ಬಾಡಿಯ ಸಣ್ಣ ಕಾಲುವೆಗಳ ಮೂಲಕ ಹರಿಯುವ ಈ ಒತ್ತಡವೇ ಕ್ಲಚ್ ಪ್ಲೇಟುಗಳನ್ನು ಒತ್ತುತ್ತದೆ, ಬ್ಯಾಂಡುಗಳನ್ನು ಬಿಗಿಯುತ್ತದೆ. ಯಾವಾಗ ಗೇರ್ ಏರಬೇಕೆಂಬುದನ್ನು ತೀರ್ಮಾನಿಸುವುದು ಎರಡು ಸಂಕೇತಗಳ ಪೈಪೋಟಿ. ಹಿಂದಿನ ಶಾಫ್ಟಿನ ವೇಗಕ್ಕೆ ತಕ್ಕಂತೆ ಗವರ್ನರ್ ಕೊಡುವ ಒತ್ತಡ ಗೇರನ್ನು ಮೇಲಕ್ಕೆ ತಳ್ಳುತ್ತದೆ. ಎಂಜಿನ್ ಮೇಲಿನ ಹೊರೆಗೆ ತಕ್ಕಂತೆ ಹುಟ್ಟುವ ಥ್ರಾಟಲ್ ಒತ್ತಡ ಅದನ್ನು ತಡೆದು ಹಿಡಿಯುತ್ತದೆ. ಆಕ್ಸಿಲರೇಟರ್ ಹಗುರಾಗಿ ಒತ್ತಿದಾಗ ಗೇರ್ ಬೇಗ ಏರುವುದು, ಜೋರಾಗಿ ಒತ್ತಿದಾಗ ತಡವಾಗುವುದು ಇದರಿಂದಲೇ.

ಹೊರೆಯ ಸಂಕೇತ ಪಡೆಯುವ ವಿಧಾನ ಒಂದೊಂದು ಗೇರ್‌ಬಾಕ್ಸ್‌ನಲ್ಲಿ ಒಂದೊಂದು ತೆರ. ಟರ್ಬೊ-ಹೈಡ್ರಾಮ್ಯಾಟಿಕ್ 350 ಮತ್ತು 400ರಲ್ಲಿ ಎಂಜಿನ್ನಿನ ವ್ಯಾಕ್ಯೂಮ್ ಅಳೆಯುವ ಮಾಡ್ಯುಲೇಟರ್ ಇದೆ. ಟಾರ್ಕ್‌ಫ್ಲೈಟ್‌ನಲ್ಲಿ ಕಾರ್ಬುರೇಟರ್‌ನಿಂದ ಬರುವ ಸರಳುಗಳ ಜೋಡಣೆ ಈ ಕೆಲಸ ಮಾಡುತ್ತದೆ. 1982ರಲ್ಲಿ ಬಂದ ಜನರಲ್ ಮೋಟರ್ಸ್‌ನ 700ಆರ್4 ಕೇಬಲ್ ಬಳಸುತ್ತದೆ. ಯಾವ ವಿಧಾನವೆಂದು ತಿಳಿಯದೆ ಪರೀಕ್ಷೆಗೆ ಇಳಿದರೆ ಅದೇ ಲಕ್ಷಣಕ್ಕೆ ತಪ್ಪು ಅರ್ಥ ಹುಟ್ಟುತ್ತದೆ.

ಆಯಿಲ್ ಪರೀಕ್ಷೆ

ಆಯಿಲ್ ಮಟ್ಟವನ್ನು ಗಾಡಿ ಸಮತಟ್ಟಾದ ನೆಲದ ಮೇಲಿದ್ದು, ಆಯಿಲ್ ಬಿಸಿಯಾಗಿರುವಾಗ ನೋಡಬೇಕು. ಜನರಲ್ ಮೋಟರ್ಸ್ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗ ಪಾರ್ಕ್‌ನಲ್ಲಿಟ್ಟು, ಹಳೆಯ ಟಾರ್ಕ್‌ಫ್ಲೈಟ್‌ಗಳಲ್ಲಿ ನ್ಯೂಟ್ರಲ್‌ನಲ್ಲಿಟ್ಟು ನೋಡುವುದು ಕ್ರಮ. ಹೋಂಡಾದ ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಎಂಜಿನ್ ಆರಿಸಿದ ಮೇಲೆ ಅಳೆಯುತ್ತಾರೆ. ಮಟ್ಟ ಇಳಿದರೆ ಪಂಪು ಗಾಳಿ ಹೀರಿ, ಗೇರ್ ತಡವಾಗಿ ಬೀಳುತ್ತದೆ, ತಿರುವಿನಲ್ಲಿ ಜಾರುತ್ತದೆ. ಮಟ್ಟ ಮಿತಿಮೀರಿದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಒತ್ತಡ ನಿಲ್ಲದ ಕಾರಣ ಅಲ್ಲೂ ಅದೇ ಲಕ್ಷಣಗಳು ಕಾಣುತ್ತವೆ.

ಬಣ್ಣ ಮತ್ತು ವಾಸನೆಯೂ ಸುಳಿವು ಕೊಡುತ್ತವೆ. ತಿಳಿ ಕೆಂಪು ಬಣ್ಣ ಒಳ್ಳೆಯ ಲಕ್ಷಣ. ಕಪ್ಪುಗಂದು ಬಣ್ಣದ ಜೊತೆ ಸುಟ್ಟ ವಾಸನೆ ಬಂದರೆ ಕ್ಲಚ್ ಲೈನಿಂಗ್ ಸುಟ್ಟಿದೆ ಎಂದರ್ಥ. ಹಾಲು ಬೆರೆಸಿದಂಥ ಗುಲಾಬಿ ಬಣ್ಣವಿದ್ದರೆ ರೇಡಿಯೇಟರ್‌ನೊಳಗಿನ ಆಯಿಲ್ ಕೂಲರ್ ಸೋರಿ ಕೂಲಂಟ್ ಬೆರೆತಿದೆ. ನೀರಿನಂಶ ಲೈನಿಂಗ್‌ನ ಅಂಟನ್ನು ಸಡಿಲಿಸುವುದರಿಂದ ಆ ಗಾಡಿಯನ್ನು ಮುಂದೆ ಓಡಿಸಬಾರದು.

ಆಯಿಲ್‌ನ ಜಾತಿ ತಪ್ಪಿದರೂ ಗೇರ್ ಬದಲಾವಣೆ ಕೆಡುತ್ತದೆ. ಡೆಕ್ಸ್ರಾನ್ ಮಾದರಿಯ ಆಯಿಲ್‌ನಲ್ಲಿ ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕಗಳಿರುತ್ತವೆ. ಫೋರ್ಡ್‌ನ ಹಳೆಯ ಟೈಪ್ ಎಫ್‌ನಲ್ಲಿ ಅವು ಇಲ್ಲದ್ದರಿಂದ ಕ್ಲಚ್ ಥಟ್ಟನೆ ಹಿಡಿಯುತ್ತದೆ. 1989ರಲ್ಲಿ ಬಂದ ಕ್ರೈಸ್ಲರ್‌ನ ಎ604ಗೆ ಕಂಪನಿ ಹೇಳಿದ ಆಯಿಲ್ ಬಿಟ್ಟು ಡೆಕ್ಸ್ರಾನ್ ತುಂಬಿದ ಕಡೆ ಲಾಕಪ್ ಕ್ಲಚ್‌ನಲ್ಲಿ ನಡುಕ ಕಾಣಿಸಿಕೊಂಡಿತು.

ಹೊರಗಿನ ಜೋಡಣೆಗಳು

ಮಾಡ್ಯುಲೇಟರ್‌ಗೆ ಹೋಗುವ ರಬ್ಬರ್ ಕೊಳವೆ ಬಿರುಕುಬಿಟ್ಟರೆ ಅಥವಾ ಕಳಚಿದರೆ ವ್ಯಾಕ್ಯೂಮ್ ಇಳಿಯುತ್ತದೆ. ಗೇರ್‌ಬಾಕ್ಸ್ ಇದನ್ನು ಭಾರಿ ಹೊರೆಯೆಂದು ತಿಳಿದು ಗೇರನ್ನು ತಡವಾಗಿಯೂ ಗಡುಸಾಗಿಯೂ ಏರಿಸುತ್ತದೆ. ಕೊಳವೆ ತೆಗೆದಾಗ ಅದರೊಳಗೆ ಆಯಿಲ್ ಕಂಡರೆ ಮಾಡ್ಯುಲೇಟರ್‌ನ ಪೊರೆ ಹರಿದಿದೆ. ಅಂಥ ಗಾಡಿಯಲ್ಲಿ ಎಂಜಿನ್ ಗೇರ್ ಆಯಿಲನ್ನು ಹೀರಿ ಸುಡುವುದರಿಂದ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಏಳುತ್ತದೆ, ಹೊರಗೆಲ್ಲೂ ಸೋರದೆ ಆಯಿಲ್ ಕಡಿಮೆಯಾಗುತ್ತದೆ. ಮಾಡ್ಯುಲೇಟರ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಿಲ್ಲ.

ಕೇಬಲ್ ಅಥವಾ ಸರಳಿನ ಜೋಡಣೆಯಲ್ಲಿ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ. 700ಆರ್4ನ ಕೇಬಲ್ ಸಡಿಲವಾಗಿ ಹೊಂದಿಸಿದ್ದರೆ ಗೇರ್ ಬೇಗನೆ, ಮೆತ್ತಗೆ ಏರುತ್ತದೆ. ಓಡಿಸುವವರಿಗೆ ಅದು ಹಿತವೆನಿಸಿದರೂ ಒಳಗೆ ಒತ್ತಡ ಸಾಲದೆ ಮೂರು ಮತ್ತು ನಾಲ್ಕನೆಯ ಗೇರ್‌ಗಳ ಕ್ಲಚ್ ಜಾರಿ ಸುಡುತ್ತದೆ. ಟಾರ್ಕ್‌ಫ್ಲೈಟ್‌ನ ಸರಳು ಕಳಚಿದರೂ ಇದೇ ಗತಿ. ಕಾರ್ಬುರೇಟರ್ ಬದಲಿಸಿದ ಮೇಲೆ ಗೇರ್‌ಬಾಕ್ಸ್ ಕೆಟ್ಟಿತೆಂಬ ದೂರಿನ ಹಿಂದೆ ಹಲವು ಬಾರಿ ಈ ಜೋಡಣೆಯ ತಪ್ಪಿರುತ್ತದೆ.

ಗೇರ್ ಲಿವರ್‌ನ ಜೋಡಣೆಯನ್ನೂ ನೋಡಬೇಕು. ಬುಷ್ ಸವೆದು ಲಿವರ್ ತೋರಿಸುವ ಸ್ಥಾನಕ್ಕೂ ಒಳಗಿನ ಮ್ಯಾನುಯಲ್ ವಾಲ್ವ್ ನಿಂತ ಸ್ಥಾನಕ್ಕೂ ವ್ಯತ್ಯಾಸ ಬಂದರೆ ಒತ್ತಡ ಸೋರುತ್ತದೆ. ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗದಿರುವುದು ಇದರ ಒಂದು ಗುರುತು.

ಓಡಿಸಿ ನೋಡುವ ಪರೀಕ್ಷೆ

ಆಯಿಲ್ ಮತ್ತು ಜೋಡಣೆಗಳು ಸರಿಯಿದ್ದರೆ ಗಾಡಿಯನ್ನು ಎಲ್ಲ ಸ್ಥಾನಗಳಲ್ಲೂ ಓಡಿಸಿ, ಯಾವ ವೇಗದಲ್ಲಿ ಗೇರ್ ಏರಿತು, ಏರುವಾಗ ಎಂಜಿನ್ ಸುಮ್ಮನೆ ಕೂಗಿತೇ, ಎರಡು ಗೇರ್ ಒಟ್ಟಿಗೆ ಹಿಡಿದಂತೆ ಗಾಡಿ ತಡೆದು ನಿಂತಿತೇ ಎಂದು ಬರೆದುಕೊಳ್ಳುತ್ತಾರೆ. ಆ ಟಿಪ್ಪಣಿಯನ್ನು ಕ್ಲಚ್ ಕೋಷ್ಟಕದ ಜೊತೆ ಇಟ್ಟು ಓದುವುದು ದೋಷಪತ್ತೆಯ ಮುಖ್ಯ ಹಂತ. ಟರ್ಬೊ-ಹೈಡ್ರಾಮ್ಯಾಟಿಕ್ 400ರ ಕೋಷ್ಟಕ, ಡ್ರೈವ್ ಸ್ಥಾನ ಮತ್ತು ರಿವರ್ಸ್‌ಗೆ ಹೀಗಿದೆ:

| ಗೇರ್ | ಬಲ ಹೊರುವ ಭಾಗಗಳು |
|---|---|
| 1 | ಫಾರ್ವರ್ಡ್ ಕ್ಲಚ್, ಲೋ ಏಕಮುಖ ಕ್ಲಚ್ |
| 2 | ಫಾರ್ವರ್ಡ್ ಕ್ಲಚ್, ಇಂಟರ್‌ಮೀಡಿಯೆಟ್ ಕ್ಲಚ್ ಮತ್ತು ಅದರ ಏಕಮುಖ ಕ್ಲಚ್ |
| 3 | ಫಾರ್ವರ್ಡ್ ಕ್ಲಚ್, ಡೈರೆಕ್ಟ್ ಕ್ಲಚ್ |
| ರಿವರ್ಸ್ | ಡೈರೆಕ್ಟ್ ಕ್ಲಚ್, ಹಿಂದಿನ ಬ್ಯಾಂಡ್ |

ಮೂರನೆಯ ಗೇರ್ ಜಾರುತ್ತಿದ್ದು ರಿವರ್ಸ್ ಕೂಡ ಬೀಳದಿದ್ದರೆ ಎರಡಕ್ಕೂ ಸಮಾನವಾದ ಡೈರೆಕ್ಟ್ ಕ್ಲಚ್ ಮೇಲೆ ಸಂಶಯ. ರಿವರ್ಸ್ ಮಾತ್ರ ಕೈಕೊಟ್ಟು ಮೂರನೆಯದು ಗಟ್ಟಿಯಾಗಿದ್ದರೆ ಹಿಂದಿನ ಬ್ಯಾಂಡ್. ಮುಂದಿನ ಗೇರ್‌ಗಳೆಲ್ಲ ಜಾರಿ ರಿವರ್ಸ್ ಸರಿಯಿದ್ದರೆ ಫಾರ್ವರ್ಡ್ ಕ್ಲಚ್; ನ್ಯೂಟ್ರಲ್‌ನಲ್ಲೂ ಗಾಡಿ ಮುಂದಕ್ಕೆ ಎಳೆದರೆ ಅದೇ ಕ್ಲಚ್ ಬಿಡದೆ ಅಂಟಿಕೊಂಡಿದೆ. ಡ್ರೈವ್‌ನಲ್ಲಿ ಹೊರಡದ ಗಾಡಿ ಲೋ ಸ್ಥಾನದಲ್ಲಿ ಹೊರಟರೆ ಏಕಮುಖ ಕ್ಲಚ್ ಸೋತಿದೆ, ಏಕೆಂದರೆ ಲೋನಲ್ಲಿ ಹಿಂದಿನ ಬ್ಯಾಂಡ್ ಅದರ ಕೆಲಸವನ್ನು ತಾನೇ ಹೊರುತ್ತದೆ. ಎಲ್ಲ ಗೇರ್‌ಗಳೂ ಒಟ್ಟಿಗೆ ಜಾರಿದರೆ ಒಂದು ಕ್ಲಚ್ಚನ್ನು ದೂರದೆ ಪಂಪು, ಫಿಲ್ಟರ್ ಮತ್ತು ಮೂಲ ಒತ್ತಡದ ಕಡೆ ಹೋಗಬೇಕು.

ಗೇರ್ ಏರದೆ ಒಂದರಲ್ಲೇ ಉಳಿದರೆ ಗವರ್ನರ್ ಮೊದಲ ಶಂಕಿತ. ಟರ್ಬೊ-ಹೈಡ್ರಾಮ್ಯಾಟಿಕ್ 350ರಲ್ಲಿ ಗವರ್ನರ್‌ನ ನೈಲಾನ್ ಹಲ್ಲುಚಕ್ರ ಸವೆಯುವುದು ಪರಿಚಿತ ದೋಷ. ಅದರ ಮುಚ್ಚಳವನ್ನು ಹೊರಗಿನಿಂದಲೇ ತೆಗೆಯಬಹುದು. ಬೆಳಗಿನ ಚಳಿಯಲ್ಲಿ ಡ್ರೈವ್ ಹಾಕಿದ ಮೇಲೆ ಬಹಳ ಹೊತ್ತು ಕಾದು ಗೇರ್ ಬೀಳುವುದಕ್ಕೆ ಗಟ್ಟಿಯಾದ ರಬ್ಬರ್ ಸೀಲುಗಳು ಸಾಮಾನ್ಯ ಕಾರಣ. ಬಿಸಿಯಾದಂತೆ ಸೀಲು ಮೆತ್ತಗಾಗಿ ಲಕ್ಷಣ ಕಡಿಮೆಯಾಗುತ್ತದೆ. ಬಿಸಿಯಾದ ಮೇಲಷ್ಟೇ ಜಾರುವುದಾದರೆ ತೆಳುವಾದ ಆಯಿಲ್ ಸವೆದ ಪಂಪು ಅಥವಾ ಬುಷ್‌ಗಳಲ್ಲಿ ಸೋರುತ್ತಿರಬಹುದು.

ಒತ್ತಡ ಮತ್ತು ಸ್ಟಾಲ್ ಪರೀಕ್ಷೆ

ಗೇರ್‌ಬಾಕ್ಸ್‌ನ ಹೊರಮೈಯಲ್ಲಿ ಒತ್ತಡ ಅಳೆಯಲು ತಿರುಪಿನ ಮುಚ್ಚಳ ಹಾಕಿದ ರಂಧ್ರವಿರುತ್ತದೆ. ಅಲ್ಲಿಗೆ 300 ಪಿಎಸ್‌ಐವರೆಗೆ ತೋರಿಸುವ ಗೇಜ್ ಜೋಡಿಸಿ ಪ್ರತಿ ಸ್ಥಾನದಲ್ಲೂ ಓದುತ್ತಾರೆ. ರಿವರ್ಸ್‌ನ ಒತ್ತಡ ಡ್ರೈವ್‌ಗಿಂತ ಹೆಚ್ಚಿರುವುದು ಸಹಜ. ಎಲ್ಲ ಸ್ಥಾನಗಳಲ್ಲೂ ಕಡಿಮೆಯಿದ್ದರೆ ಪಂಪು, ಫಿಲ್ಟರ್ ಅಥವಾ ಪ್ರೆಶರ್ ರೆಗ್ಯುಲೇಟರ್ ವಾಲ್ವ್‌ನ ದೋಷ. ಒಂದೇ ಸ್ಥಾನದಲ್ಲಿ ಇಳಿದರೆ ಆ ಕ್ಲಚ್‌ನ ಸೀಲು ಸೋರುತ್ತಿದೆ. ಒತ್ತಡ ಸರಿಯಾಗಿದ್ದೂ ಗೇರ್ ಜಾರಿದರೆ ಪ್ಲೇಟುಗಳೇ ಸವೆದಿವೆ.

ಸ್ಟಾಲ್ ಪರೀಕ್ಷೆಯಲ್ಲಿ ಬ್ರೇಕ್ ಬಿಗಿಯಾಗಿ ಒತ್ತಿ, ಡ್ರೈವ್‌ನಲ್ಲಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಎಂಜಿನ್ ತಲುಪುವ ವೇಗವನ್ನು ನೋಡುತ್ತಾರೆ. ನಿಗದಿಗಿಂತ ಹೆಚ್ಚು ಬಂದರೆ ಕ್ಲಚ್ ಜಾರುತ್ತಿದೆ; ತೀರ ಕಡಿಮೆ ಬಂದರೆ ಎಂಜಿನ್ ಬಲಹೀನ ಅಥವಾ ಕನ್ವರ್ಟರ್‌ನೊಳಗಿನ ಸ್ಟೇಟರ್‌ನ ಏಕಮುಖ ಕ್ಲಚ್ ಕೆಟ್ಟಿದೆ. ಆಯಿಲ್ ಕ್ಷಣಮಾತ್ರದಲ್ಲಿ ಕಾಯುವುದರಿಂದ ಪರೀಕ್ಷೆ 5 ಸೆಕೆಂಡ್ ಮೀರಬಾರದು, ಆಮೇಲೆ ನ್ಯೂಟ್ರಲ್‌ನಲ್ಲಿ ತಣಿಯಬೇಕು, ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಹಳೆಯ ಬ್ರೇಕ್ ಮತ್ತು ಸವೆದ ಎಂಜಿನ್ ಇರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ಕೈಬಿಡುವುದೇ ಮೇಲು.

ಎಲೆಕ್ಟ್ರಾನಿಕ್ ನಿಯಂತ್ರಣದ ಗೇರ್‌ಬಾಕ್ಸ್‌ಗಳು

ಇವುಗಳಲ್ಲಿ ಗವರ್ನರ್‌ನ ಜಾಗವನ್ನು ವೇಗದ ಸೆನ್ಸರ್‌ಗಳು, ಗೇರ್ ಏರಿಸುವ ಕೆಲಸವನ್ನು ಸೊಲೆನಾಯ್ಡ್‌ಗಳು ವಹಿಸಿಕೊಂಡಿವೆ. ಅಮೆರಿಕದಲ್ಲಿ 1996ರ ಮಾದರಿಯಿಂದ ಕಾರುಗಳಿಗೆ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ ದೋಷಗಳನ್ನು ಸಂಕೇತ ಸಂಖ್ಯೆಗಳಲ್ಲಿ ದಾಖಲಿಸುತ್ತದೆ. ಪಿ0700 ಎಂಬುದು ಗೇರ್‌ಬಾಕ್ಸ್ ನಿಯಂತ್ರಣದಲ್ಲಿ ದೋಷವಿದೆ ಎಂಬ ಸಾಮಾನ್ಯ ಸೂಚನೆ. ಪಿ0720 ಹೊರಶಾಫ್ಟಿನ ವೇಗದ ಸೆನ್ಸರ್ ಬಗ್ಗೆ, ಪಿ0730 ಗೇರ್ ಅನುಪಾತ ಸರಿಹೊಂದದ ಬಗ್ಗೆ, ಪಿ0740 ಲಾಕಪ್ ಕ್ಲಚ್ ಬಗ್ಗೆ ಹೇಳುತ್ತವೆ. ಸಂಕೇತ ಬಂದ ಮಾತ್ರಕ್ಕೆ ಆ ಭಾಗ ಬದಲಿಸುವುದು ತಪ್ಪು. ಪಿ0730ಕ್ಕೆ ಸೆನ್ಸರ್‌ನ ತಂತಿಯೂ ಕಾರಣವಾಗಬಹುದು, ಸುಟ್ಟ ಕ್ಲಚ್ಚೂ ಆಗಬಹುದು.

ಗಾಡಿ ಒಂದೇ ಗೇರ್‌ನಲ್ಲಿ ಸಿಕ್ಕಿಕೊಂಡರೆ ಅದು ನಿಯಂತ್ರಕ ತಾನೇ ಆರಿಸಿಕೊಂಡ ರಕ್ಷಣಾ ಸ್ಥಿತಿ ಇರಬಹುದು. 1993ರಿಂದ ಬಂದ ಜನರಲ್ ಮೋಟರ್ಸ್‌ನ 4ಎಲ್60-ಇಯ ಎರಡೂ ಶಿಫ್ಟ್ ಸೊಲೆನಾಯ್ಡ್‌ಗಳಿಗೆ ವಿದ್ಯುತ್ ನಿಂತಾಗ ಸಿಗುವುದು ಮೂರನೆಯ ಗೇರ್. ಹಾಗಾಗಿ ಗಾಡಿ ಮೂರರಲ್ಲೇ ಹೊರಟರೆ ಫ್ಯೂಸ್, ಕನೆಕ್ಟರ್ ಮತ್ತು ತಂತಿಗಳನ್ನು ಮೊದಲು ನೋಡಬೇಕು. ಸೊಲೆನಾಯ್ಡ್ ಸುರುಳಿಯ ರೋಧವನ್ನು ಮಲ್ಟಿಮೀಟರ್‌ನಿಂದ ಅಳೆಯಬಹುದು. ಟೊಯೊಟಾ ಎ340ಇಯ ಶಿಫ್ಟ್ ಸೊಲೆನಾಯ್ಡ್‌ಗಳಲ್ಲಿ ಅದು 11ರಿಂದ 15 ಓಮ್. ಹಳೆಯ ಎ340ಇಯಲ್ಲಿ ಗೇರ್ ಬದಲಾವಣೆ ಎಲೆಕ್ಟ್ರಾನಿಕ್ ಆದರೂ ಮೂಲ ಒತ್ತಡವನ್ನು ಥ್ರಾಟಲ್ ಕೇಬಲ್ಲೇ ನಿಯಂತ್ರಿಸುತ್ತದೆ. ಆದ್ದರಿಂದ ಅಲ್ಲಿ ಎರಡೂ ಬಗೆಯ ಪರೀಕ್ಷೆ ಬೇಕು.

ಗೇರ್‌ಬಾಕ್ಸ್‌ನದೆಂದು ಕಾಣುವ ಇತರ ದೋಷಗಳು

ಸವೆದ ಎಂಜಿನ್, ತಪ್ಪಿದ ಇಗ್ನಿಷನ್ ಟೈಮಿಂಗ್, ಗಾಳಿ ಸೋರುವ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ತಗ್ಗಿಸಿ ಗೇರನ್ನು ತಡವಾಗಿಸುತ್ತವೆ. ಮುರಿದ ಎಂಜಿನ್ ಮೌಂಟ್ ಅಥವಾ ಸವೆದ ಯೂನಿವರ್ಸಲ್ ಜಾಯಿಂಟ್ ಗೇರ್ ಬೀಳುವಾಗ ಧಡಕ್ಕೆನ್ನುವ ಸದ್ದು ಮಾಡುತ್ತದೆ. ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋಗುವಾಗ ಬರುವ ನಡುಕಕ್ಕೆ ಲಾಕಪ್ ಕ್ಲಚ್ ಕಾರಣವೋ ಎಂಜಿನ್ನಿನ ಮಿಸ್‌ಫೈರ್ ಕಾರಣವೋ ತಿಳಿಯಲು ಎಡಗಾಲಲ್ಲಿ ಬ್ರೇಕ್ ಪೆಡಲನ್ನು ಹಗುರಾಗಿ ಮುಟ್ಟುತ್ತಾರೆ. ಪೆಡಲ್ ಸ್ವಿಚ್ ಲಾಕಪ್ ಬಿಡಿಸಿದೊಡನೆ ನಡುಕ ನಿಂತರೆ ದೋಷ ಲಾಕಪ್‌ನದು.

ಸಂಪು ಬಿಚ್ಚಿದಾಗ ಮತ್ತು ದುರಸ್ತಿಯ ತೀರ್ಮಾನ

ಗೇರ್‌ಬಾಕ್ಸ್ ಕೆಳಗಿನ ಆಯಿಲ್ ತಟ್ಟೆಯಾದ ಸಂಪಿನ ತಳದಲ್ಲಿ ಅಥವಾ ಆಯಸ್ಕಾಂತದ ಮೇಲೆ ತೆಳುವಾದ ಬೂದುಬಣ್ಣದ ಕೆಸರು ಸಹಜ ಸವೆತ. ಕಪ್ಪು ಲೈನಿಂಗ್ ಚೂರುಗಳು, ಹಳದಿ ಲೋಹದ ಪುಡಿ, ಉಕ್ಕಿನ ತುಣುಕುಗಳು ಕಂಡರೆ ಕ್ರಮವಾಗಿ ಕ್ಲಚ್, ಬುಷ್, ಬೇರಿಂಗ್ ಅಥವಾ ಗೇರ್ ಹಾಳಾಗಿವೆ. ವಾಲ್ವ್ ಬಾಡಿ ತೆಗೆದ ಮೇಲೆ ಕ್ಲಚ್ ಕಾಲುವೆಗಳಿಗೆ ಒಣ ಗಾಳಿ ಊದಿ ಸೀಲುಗಳನ್ನು ಪರೀಕ್ಷಿಸಬಹುದು. ಟಾರ್ಕ್‌ಫ್ಲೈಟ್‌ಗೆ ಸುಮಾರು 30 ಪಿಎಸ್‌ಐ ಸಾಕು. ಕ್ಲಚ್ ಹಿಡಿಯುವ ಮಂದ ಸದ್ದು ಕೇಳಿದರೆ ಸೀಲು ಸರಿಯಿದೆ, ಬರಿ ಗಾಳಿ ಹೋಗುವ ಸದ್ದಾದರೆ ಸೋರಿಕೆಯಿದೆ.

ಆಯಿಲ್, ಕೇಬಲ್, ಮಾಡ್ಯುಲೇಟರ್, ಗವರ್ನರ್, ಸೊಲೆನಾಯ್ಡ್ ದೋಷಗಳು ಗೇರ್‌ಬಾಕ್ಸ್ ಗಾಡಿಯಲ್ಲಿರುವಾಗಲೇ ಸರಿಯಾಗುವಂಥವು. ಹೊರಗಿನಿಂದ ಬ್ಯಾಂಡ್ ಹೊಂದಿಸುವ ಸ್ಕ್ರೂ ಇರುವ ಟಾರ್ಕ್‌ಫ್ಲೈಟ್‌ನಲ್ಲಿ ಎರಡನೆಯ ಗೇರ್ ಜಾರುವುದು ಆ ಹೊಂದಾಣಿಕೆಯಿಂದಲೇ ನಿಲ್ಲಬಹುದು. ಸ್ಕ್ರೂವನ್ನು 72 ಇಂಚು-ಪೌಂಡ್‌ಗೆ ಬಿಗಿದು, ಆ ಮಾದರಿಗೆ ಹೇಳಿದಷ್ಟು ಸುತ್ತು ಹಿಂದಕ್ಕೆ ಬಿಡುತ್ತಾರೆ. ಸುಟ್ಟ ಕ್ಲಚ್, ಸವೆದ ಪಂಪು, ಮುರಿದ ಏಕಮುಖ ಕ್ಲಚ್‌ಗೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚದೆ ಗತ್ಯಂತರವಿಲ್ಲ. ಸುಟ್ಟ ಆಯಿಲ್ ಬದಲಿಸಿದರೆ ಸವೆದ ಲೈನಿಂಗ್ ಮರಳಿ ಬರುವುದಿಲ್ಲ. ಹೊಸದಾಗಿ ಕಟ್ಟಿದ ಗೇರ್‌ಬಾಕ್ಸ್ ಕೂರಿಸುವ ಮುನ್ನ ಕೂಲರ್ ಮತ್ತು ಅದರ ಪೈಪುಗಳನ್ನು ತೊಳೆದು, ಕನ್ವರ್ಟರ್ ಬದಲಿಸುವುದು ರೂಢಿ. ಹಳೆಯ ಕ್ಲಚ್‌ನ ಚೂರುಗಳು ಅಲ್ಲೇ ಉಳಿದರೆ ಹೊಸ ವಾಲ್ವ್‌ಗಳಲ್ಲಿ ಸಿಕ್ಕಿಕೊಂಡು ಅದೇ ದೋಷವನ್ನು ಮತ್ತೆ ತರುತ್ತವೆ.