ಎಂಜಿನ್ ಬದಲಾಯ್ತು, ಮೀಟರ್ ಮುಳ್ಳು ಏಳಲೇ ಇಲ್ಲ

ಹೆಬಳೆ, ಶಿರಾಲಿ, ಮುರ್ಡೇಶ್ವರ, ಹೊನ್ನಾವರದ ಕಡೆ ಹಳೆಯ ಜೀಪು ಅಥವಾ ಅಂಬಾಸಿಡರ್ ಇಟ್ಟುಕೊಂಡವರ ಹತ್ತಿರ ಒಮ್ಮೆ ಕೇಳಿ ನೋಡಿ, ಮೀಟರ್ ಓಡುತ್ತದಾ ಅಂತ. ಹೆಚ್ಚಿನವರು ನಗುತ್ತಾರೆ. ಎಂಜಿನ್ ಗಟ್ಟಿ, ಬ್ರೇಕ್ ಸುಮಾರು, ಹಾರನ್ ಜೋರು, ಆದರೆ ಸ್ಪೀಡೋಮೀಟರ್ ಮುಳ್ಳು ಮಾತ್ರ ಸೊನ್ನೆಯಲ್ಲೇ ಮಲಗಿರುತ್ತದೆ. ಇದು ಯಾಕೆ ಹೀಗಾಯ್ತು ಎನ್ನುವುದಕ್ಕೆ ಒಂದು ಇತಿಹಾಸ ಇದೆ. ಅದು ಡೀಸೆಲ್‌ನ ಇತಿಹಾಸ.

ಸ್ವಾತಂತ್ರ್ಯದ ನಂತರ ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ಜೋಡಿಸಲು ಶುರು ಮಾಡಿದ ವಿಲ್ಲಿಸ್ ಜೀಪು ಪೆಟ್ರೋಲ್ ಗಾಡಿ. 1957ರ ಹೊತ್ತಿಗೆ ಬಂದ ಹಿಂದುಸ್ತಾನ್ ಅಂಬಾಸಿಡರ್ ಕೂಡ ಪೆಟ್ರೋಲ್‌ನದೇ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬೆಲೆ ಏರಿಸಿದ ಮೇಲೆ ಬಾಡಿಗೆ ಗಾಡಿಯವರಿಗೆ ಪೆಟ್ರೋಲ್ ಹಾಕಿ ಬದುಕುವುದು ಕಷ್ಟವಾಯ್ತು. ಡೀಸೆಲ್ ಅಗ್ಗ, ಜತೆಗೆ ಒಂದು ಲೀಟರಿಗೆ ಹೆಚ್ಚು ದೂರ. 1980ರ ಆಸುಪಾಸಿನಲ್ಲಿ ಡೀಸೆಲ್ ಅಂಬಾಸಿಡರ್ ಕಾರ್ಖಾನೆಯಿಂದಲೇ ಬಂತು, ಮಹೀಂದ್ರ ಪೂಜೋ ಡೀಸೆಲ್ ಎಂಜಿನಿನ ಜೀಪು ತಂದಿತು. ಆದರೆ ಹೊಸ ಗಾಡಿ ಕೊಳ್ಳುವ ದುಡ್ಡು ಎಲ್ಲರಲ್ಲಿ ಎಲ್ಲಿತ್ತು? ಹಳೆಯ ಗಾಡಿಯ ಪೆಟ್ರೋಲ್ ಎಂಜಿನ್ ಇಳಿಸಿ, ಗುಜರಿಯಿಂದ ತಂದ ಡೀಸೆಲ್ ಎಂಜಿನ್ ಕೂರಿಸುವುದು ಊರೂರಿನ ಗ್ಯಾರೇಜಿನ ಕಸುಬಾಯ್ತು. ಮೆಟಡೋರ್ ವ್ಯಾನಿನ ಎಂಜಿನ್ ಅಂಬಾಸಿಡರ್‌ಗೆ ಬಂತು. 1990ರ ದಶಕದ ನಂತರ ಇಸುಜು ಎಂಜಿನ್ ಐದು ಗೇರಿನ ಡಬ್ಬದ ಸಮೇತ ಬಂತು. ಬೋನೆಟ್ ಕೆಳಗೆ ಜಾಗ ಮಾಡಲು ಸುತ್ತಿಗೆ, ಬೆಲ್ಡಿಂಗ್ ಎಲ್ಲ ನಡೆಯಿತು. ಮೀಟರ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಎಂಜಿನ್ ಬದಲಿಸಿದ್ದರಿಂದ ಮೀಟರ್ ಸತ್ತಿತು ಅಂತ ಜನ ಹೇಳುತ್ತಾರೆ. ಸ್ಪೀಡೋಮೀಟರಿಗೂ ಎಂಜಿನಿಗೂ ನೇರ ಸಂಬಂಧವೇ ಇಲ್ಲ. ಗೇರು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಎಷ್ಟೇ ರೇಸ್ ಮಾಡಿ, ಮುಳ್ಳು ಏಳುವುದಿಲ್ಲ. ಯಾಕೆಂದರೆ ಕೇಬಲ್ ತಿರುಗುವುದು ಗೇರ್ ಡಬ್ಬದ ಹಿಂದಿನ ತುದಿಯಿಂದ. ಜೀಪಿನಲ್ಲಿ ಫೋರ್ ವ್ಹೀಲ್‌ನ ಟ್ರಾನ್ಸ್‌ಫರ್ ಡಬ್ಬದಿಂದ. ಚಕ್ರಕ್ಕೆ ಹೋಗುವ ಶಾಫ್ಟು ತಿರುಗಿದರೆ ಅದರ ಮೇಲಿನ ಸಣ್ಣ ಹಲ್ಲು ಪಿನಿಯನ್ ಅನ್ನು ತಿರುಗಿಸುತ್ತದೆ, ಪಿನಿಯನ್ ಕೇಬಲನ್ನು.

ಕೇಬಲಿನ ಇನ್ನೊಂದು ತುದಿಯಲ್ಲಿ ನಡೆಯುವುದು 1902ರಲ್ಲಿ ಜರ್ಮನಿಯ ಓಟ್ಟೊ ಶುಲ್ಜೆ ಪೇಟೆಂಟ್ ಪಡೆದ ಉಪಾಯ. ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದಂತೆ ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಆಯಸ್ಕಾಂತ ತಿರುಗಿದಂತೆ ಬಟ್ಟಲಿನಲ್ಲಿ ವಿದ್ಯುತ್ ಸುಳಿ ಹುಟ್ಟಿ, ಬಟ್ಟಲೂ ಅದರ ಹಿಂದೆ ತಿರುಗಲು ಹೊರಡುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದು ನಿಲ್ಲಿಸುತ್ತದೆ. ಈ ಎಳೆದಾಟದಲ್ಲಿ ಮುಳ್ಳು ನಿಂತ ಜಾಗವೇ ವೇಗ. ಕಿಲೋಮೀಟರ್ ಅಂಕಿಗಳು ಮಾತ್ರ ಹಲ್ಲಿನ ಚಕ್ರದಿಂದ ನೇರವಾಗಿ ತಿರುಗುತ್ತವೆ. ಹಾಗಾಗಿ ಅಂಕಿ ಓಡಿ ಮುಳ್ಳು ಏಳದಿದ್ದರೆ ದೋಷ ಮೀಟರಿನ ಒಳಗೆ. ಎರಡೂ ನಿಂತರೆ ಮೊದಲು ಕೇಬಲ್ ಬಿಚ್ಚಿ ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ, ನಾಲ್ಕು ತಿಂಗಳ ಮಳೆಗೆ ಒಳಗಿನ ತಂತಿ ತುಕ್ಕು ಹಿಡಿದು ತುಂಡಾಗುವುದು ಸಾಮಾನ್ಯ. ಗ್ರೀಸ್ ಜಾಸ್ತಿ ಮೆತ್ತಿದರೂ ತೊಂದರೆ, ಅದು ಕೇಬಲ್ ಹತ್ತಿ ಮೀಟರಿನೊಳಗೆ ಹೋಗುತ್ತದೆ.

ಗೇರ್ ಡಬ್ಬವೂ ಬದಲಾದಾಗಲೇ ನಿಜವಾದ ಕಿರಿಕಿರಿ. ಹೊಸ ಡಬ್ಬದ ಕೇಬಲ್ ತುದಿ ಬೇರೆ, ಪಿನಿಯನ್ ಹಲ್ಲು ಬೇರೆ, ಮೀಟರ್ ಬೇಡುವ ಸುತ್ತು ಬೇರೆ. ಅಮೆರಿಕದ ಗಾಡಿಗಳಲ್ಲಿ ಮೈಲಿಗೆ ಕೇಬಲ್ 1000 ಸುತ್ತು ತಿರುಗುವ ಪದ್ಧತಿ ಇತ್ತು, ಅಂದರೆ ಕಿಲೋಮೀಟರಿಗೆ ಸುಮಾರು 620. ಹಳೆಯ ಗಾಡಿಗಳ ಡಯಲಿನಲ್ಲಿ ಮೈಲಿ ಇರುತ್ತಿದ್ದುದೂ ಉಂಟು. 1956ರಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿತು, ಅದೇ ವರ್ಷ ತೂಕ ಅಳತೆಯ ಕಾಯ್ದೆಯೂ ಬಂತು. ಮೈಲಿಗಲ್ಲು ಕಿಲೋಮೀಟರ್ ಕಲ್ಲಾಯಿತು. ಹಳೆಯ ಡಯಲ್ ಮಾತ್ರ ಮೈಲಿಯಲ್ಲೇ ಉಳಿಯಿತು.

ಬುಲೆಟ್ ಮೋಟರ್‌ಸೈಕಲ್ ಇಲ್ಲಿ ಅದೃಷ್ಟವಂತ. ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದ ಗಾಡಿಗಳೂ ಓಡಿವೆ. ಕೇಬಲ್ ಮುಂದಿನ ಚಕ್ರದಿಂದ ಬರುವುದರಿಂದ ಮೀಟರಿಗೆ ಏನೂ ಆಗುವುದಿಲ್ಲ.

ಸತ್ತ ಮೀಟರಿಗಿಂತ ಸುಳ್ಳು ಹೇಳುವ ಮೀಟರ್ ಹೆಚ್ಚು ಅಪಾಯ ಎಂದು ನಮಗನಿಸುತ್ತದೆ. ಒಂದು ಲೆಕ್ಕ ನೋಡಿ. ಹಳೆಯ ಸಿಜೆ ಜೀಪಿನ ಹಿಂದಿನ ಆಕ್ಸಲ್ ಅನುಪಾತ 5.38, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟು 5.38 ಸುತ್ತು ತಿರುಗಬೇಕು. ಡೀಸೆಲ್ ಎಂಜಿನ್ ಪೆಟ್ರೋಲ್‌ನಷ್ಟು ವೇಗವಾಗಿ ತಿರುಗುವುದಿಲ್ಲ, ಗಾಡಿ ಓಡುವುದಿಲ್ಲ ಅಂತ ಮಾಲೀಕರು 4.88ರ ಆಕ್ಸಲ್ ಹಾಕಿಸಿದರು ಎಂದುಕೊಳ್ಳಿ. ಈಗ ಅದೇ ದೂರಕ್ಕೆ ಶಾಫ್ಟು ಕಡಿಮೆ ತಿರುಗುತ್ತದೆ, ಕೇಬಲೂ ಕಡಿಮೆ. ಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಇರುತ್ತದೆ. ದೊಡ್ಡ ಟಯರ್ ಹಾಕಿದರೆ ಅಂತರ ಇನ್ನೂ ಹಿಗ್ಗುತ್ತದೆ. ಹಿಂದೆ ಎನ್‌ಎಚ್ 17 ಆಗಿದ್ದ ಈಗಿನ 66ರ ಚತುಷ್ಪಥದಲ್ಲಿ, ಡ್ರಮ್ ಬ್ರೇಕಿನ ಹಳೆ ಜೀಪಿಗೆ ಆ ಆರು ಕಿಲೋಮೀಟರ್ ಸಣ್ಣದಲ್ಲ. ದಾಟುವವರು ಹಾಲು ತರಲು ಹೊರಟವರು, ಶಾಲೆ ಮಕ್ಕಳು. ಬಾಡಿಗೆಯಲ್ಲೂ ಹೊಡೆತ. 100 ಕಿ.ಮೀ. ಓಡಿದ್ದಕ್ಕೆ ಮೀಟರ್ 91 ಹೇಳಿದರೆ ಚಾಲಕನಿಗೆ ನಷ್ಟ. ಸಣ್ಣ ಟಯರಾದರೆ ಉಲ್ಟಾ, ಪ್ರಯಾಣಿಕನ ಜೇಬಿಗೆ.

ಸರಿ ಮಾಡುವ ಹಳೆಯ ದಾರಿ ಸುಲಭ, ಆದರೆ ತಾಳ್ಮೆ ಬೇಕು. ಮೀಟರ್ ಕಡೆಯ ಕೇಬಲ್ ಬಿಚ್ಚಿ, ಒಳತಂತಿಗೆ ಕಾಗದದ ಬಾವುಟ ಅಂಟಿಸಿ. ಸಮತಟ್ಟು ಜಾಗದಲ್ಲಿ 20 ಮೀಟರ್ ಅಳೆದು ಗಾಡಿಯನ್ನು ನೇರ ತಳ್ಳಿ, ಬಾವುಟ ಎಷ್ಟು ಸುತ್ತು ತಿರುಗಿತು ಎಣಿಸಿ. 50ರಿಂದ ಗುಣಿಸಿದರೆ ಕಿಲೋಮೀಟರಿಗೆ ಎಷ್ಟು ಸುತ್ತು ಅಂತ ಸಿಕ್ಕಿತು. ಮೀಟರಿಗೆ ಎಷ್ಟು ಬೇಕು ಎನ್ನುವುದು ಹಲವು ಡಯಲುಗಳಲ್ಲಿ ಸಣ್ಣ ಅಂಕಿಯಲ್ಲಿ ಬರೆದಿರುತ್ತದೆ. ಎರಡಕ್ಕೂ ಹೊಂದದಿದ್ದರೆ ಪಿನಿಯನ್ ಬದಲಿಸಬೇಕು. ಮೇಲಿನ ಉದಾಹರಣೆಯಲ್ಲಿ 20 ಹಲ್ಲಿನದು ಇದ್ದರೆ 18ರದು ಹಾಕಿದರೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ಹಲ್ಲು ಕಡಿಮೆಯಾದರೆ ಕೇಬಲ್ ಜೋರು.

ಈಗ ಮಾರುಕಟ್ಟೆಯಲ್ಲಿ ಸಿಗುವ ಎಲೆಕ್ಟ್ರಾನಿಕ್ ಮೀಟರಿಗೆ ಕೇಬಲ್ ಬೇಡ. ಶಾಫ್ಟಿಗೆ ಆಯಸ್ಕಾಂತದ ತುಂಡು ಬಿಗಿದು, ಎದುರಿಗೆ ಸೆನ್ಸರ್ ಹಿಡಿದರೆ ಅದು ಸುತ್ತು ಎಣಿಸುತ್ತದೆ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಓಡಿಸಿ ಎಣಿಕೆ ಉಳಿಸಿಕೊಂಡರೆ ಆಯ್ತು. ಕೆಲವರು ಆಲ್ಟರ್ನೇಟರಿನ ತಂತಿಯಿಂದ ಸಿಗ್ನಲ್ ತೆಗೆದು ಸ್ಪೀಡೋಮೀಟರಿಗೆ ಕೊಡುತ್ತಾರೆ. ಅಲ್ಲಿ ಸಿಗುವುದು ಎಂಜಿನ್ ಸುತ್ತು, ವೇಗ ಅಲ್ಲ. ಸಿಗ್ನಲಿನಲ್ಲಿ ನಿಂತ ಗಾಡಿಯೂ 20ರಲ್ಲಿ ಓಡುತ್ತಿದೆ ಎಂದು ತೋರಿಸೀತು. ಉಪಗ್ರಹ ನೋಡುವ ಜಿಪಿಎಸ್ ಮೀಟರ್ ಇನ್ನೂ ಸಲೀಸು, ಆದರೆ ಕಾರವಾರ–ಬಿಣಗಾ ನಡುವಿನ ಸುರಂಗದೊಳಗೆ ಅದು ಕುರುಡು.

ಕಾಗದದ ವಿಷಯವೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಸ್ಪೀಡೋಮೀಟರ್ ಕುರಿತದ್ದು. 1988ರ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿನದ್ದು. ಆರ್‌ಸಿಯಲ್ಲಿ ಹಳೆಯ ಎಂಜಿನ್ ನಂಬರ್, ಬೋನೆಟ್ ಕೆಳಗೆ ಬೇರೆ ನಂಬರ್ ಇದ್ದರೆ, ಅಪಘಾತವಾದ ದಿನ ವಿಮೆಯವರು ಮೊದಲು ಎತ್ತುವ ತಕರಾರು ಅದೇ. ಎಂಜಿನ್ ಬದಲಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ ಒಪ್ಪಿಗೆ ಪಡೆಯಬೇಕು. ಮೀಟರ್ ಸರಿಪಡಿಸಿದ ಮೇಲೆ ಒಂದು ಬೆಳಿಗ್ಗೆ ಹೆದ್ದಾರಿಯ ಕಲ್ಲು ನೋಡಿಕೊಂಡು ಹತ್ತು ಕಿಲೋಮೀಟರ್ ಓಡಿಸಿ. ಅಂಕಿ ಒಂಬತ್ತಕ್ಕೇ ನಿಂತರೆ ಪಿನಿಯನ್ ಮತ್ತೊಮ್ಮೆ ಬಿಚ್ಚಬೇಕಾಗುತ್ತದೆ.