ಬೇಡವೆನಿಸಿದ ಉತ್ತರ

1968ರ ಒಂದು ಬೆಳಿಗ್ಗೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ರಸ್ತೆ ದಾಟುತ್ತಿದ್ದ ಲಿಯನೋರ್ ವೆಕ್ಸ್‌ಲರ್ ಎಂಬಾಕೆಯನ್ನು ಪೊಲೀಸನೊಬ್ಬ ಗದರಿಸಿದ: ಬೆಳಿಗ್ಗೆಯೇ ಕುಡಿದಿದ್ದೀರಲ್ಲ! ಆಕೆ ಕುಡಿದಿರಲಿಲ್ಲ. ಕಾಲು ತೂರಾಡಿದ್ದು ಹಂಟಿಂಗ್ಟನ್ ರೋಗದಿಂದ. ಆಕೆಯ ತಂದೆ ಹಾಗೂ ಮೂವರು ಸೋದರರನ್ನು ಬಲಿ ತೆಗೆದುಕೊಂಡದ್ದೂ ಅದೇ.

1872ರಲ್ಲಿ ಜಾರ್ಜ್ ಹಂಟಿಂಗ್ಟನ್ ಎಂಬ ವೈದ್ಯ ವಿವರಿಸಿದ ಈ ಕಾಯಿಲೆ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ತಲೆದೋರುತ್ತದೆ. ಕೈಕಾಲುಗಳು ಸ್ವಾಧೀನ ತಪ್ಪುತ್ತವೆ, ಬುದ್ಧಿ ಮಂಕಾಗುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ 50. ಗುಣಪಡಿಸುವ ಮದ್ದಿಲ್ಲ.

ಲಿಯನೋರ್‌ಗೆ ಇಬ್ಬರು ಹೆಣ್ಣುಮಕ್ಕಳು, ಆಲಿಸ್ ಮತ್ತು ನ್ಯಾನ್ಸಿ. ಮನೆತನದ ಈ ಗುಟ್ಟು ಅವರಿಗೆ ಗೊತ್ತಾದದ್ದೇ ಆ ವರ್ಷ. ನ್ಯಾನ್ಸಿ ಸುಮ್ಮನೆ ಕೂರಲಿಲ್ಲ. ವೆನೆಜುವೆಲಾದ ಮರಕೈಬೊ ಸರೋವರದ ದಡದ ಹಳ್ಳಿಗಳಲ್ಲಿ ಈ ರೋಗ ಮನೆಮನೆಯಲ್ಲೂ ಇತ್ತು. 1979ರಿಂದ ವರ್ಷವರ್ಷವೂ ಅಲ್ಲಿಗೆ ಹೋಗಿ, ಸಾವಿರಾರು ಜನರ ರಕ್ತದ ಮಾದರಿ ಮತ್ತು ವಂಶವೃಕ್ಷ ಕಲೆಹಾಕಿದರು. ಅದರ ಬಲದಿಂದಲೇ 1983ರಲ್ಲಿ ರೋಗದ ನೆಲೆ ನಾಲ್ಕನೇ ವರ್ಣತಂತುವಿನಲ್ಲಿದೆ ಎಂದು ತಿಳಿಯಿತು; 1993ರಲ್ಲಿ ವಂಶವಾಹಿಯೇ ಸಿಕ್ಕಿತು.

ಇನ್ನು ರಕ್ತಪರೀಕ್ಷೆಯೊಂದು ಸಾಕಿತ್ತು. ಪರೀಕ್ಷೆ ಬರುವ ಮುನ್ನ ನಡೆದ ಸಮೀಕ್ಷೆಗಳಲ್ಲಿ ಈ ಕುಟುಂಬಗಳ ಬಹುಪಾಲು ಮಂದಿ 'ಖಂಡಿತ ಮಾಡಿಸುತ್ತೇವೆ' ಎಂದಿದ್ದರು. ಬಂದ ಮೇಲೆ ಅನೇಕ ದೇಶಗಳಲ್ಲಿ ಮುಂದೆ ಬಂದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ವೆಕ್ಸ್‌ಲರ್ ಸೋದರಿಯರೂ ಬೇಡವೆಂದೇ ತೀರ್ಮಾನಿಸಿದರು.

ಇದು ಅಜ್ಞಾನವೇ? ಹೇಡಿತನವೇ? ಹಾಗೆನ್ನುವುದು ಸುಲಭ. ಆದರೆ ಈ ರೋಗದ ಬಗ್ಗೆ ನ್ಯಾನ್ಸಿಗಿಂತ ಹೆಚ್ಚು ಬಲ್ಲವರು ವಿರಳ. ಮದ್ದಿಲ್ಲದ ಕಡೆ 'ಇದೆ' ಎಂಬ ಉತ್ತರದಿಂದ ವೈದ್ಯರಿಗೆ ಮಾಡಲು ಹೊಸದೇನೂ ಸಿಗದು. ಕೇಳಿಸಿಕೊಂಡವರಿಗೆ ಮಾತ್ರ ಕೈತಪ್ಪಿದ ಪ್ರತಿ ಲೋಟವೂ ಮುನ್ಸೂಚನೆಯಾಗಿ ಕಾಣತೊಡಗುತ್ತದೆ. 'ಇಲ್ಲ' ಎನಿಸಿಕೊಂಡವರಲ್ಲೂ, ಒಡಹುಟ್ಟಿದವರನ್ನು ಬಿಟ್ಟು ತಾವೊಬ್ಬರೇ ಪಾರಾದೆವೆಂಬ ಅಳುಕು ಕಂಡುಬಂದಿದೆ. ಉತ್ತರ ಒಬ್ಬರದಾಗಿ ಉಳಿಯುವುದೂ ಇಲ್ಲ. ತಾಯಿಯ ಕಡೆಯ ಅಜ್ಜನಿಗೆ ರೋಗವಿದ್ದು, ಮೊಮ್ಮಗನ ಪರೀಕ್ಷೆ 'ಇದೆ' ಎಂದರೆ, ತಿಳಿಯಲು ಒಲ್ಲದ ತಾಯಿಯ ಭವಿಷ್ಯವೂ ಬಯಲಾದಂತೆಯೇ.

ಹೀಗಾಗಿಯೇ ಪರೀಕ್ಷೆಗೆ ಮುನ್ನ ಆಪ್ತಸಲಹೆ ನೀಡುವ ಪದ್ಧತಿ ಬಂತು. 1997ರಲ್ಲಿ ಯುನೆಸ್ಕೊದ ಘೋಷಣೆಯೊಂದು, ವಂಶವಾಹಿ ಪರೀಕ್ಷೆಯ ಫಲಿತಾಂಶವನ್ನು ತಿಳಿಯಬೇಕೆ ಬೇಡವೆ ಎಂಬುದು ಆಯಾ ವ್ಯಕ್ತಿಗೇ ಬಿಟ್ಟದ್ದು ಎಂದಿತು.

2020ರಲ್ಲಿ, 74ರ ಹರೆಯದಲ್ಲಿ, ತಮಗೂ ಅದೇ ರೋಗವಿದೆ ಎಂದು ನ್ಯಾನ್ಸಿ ಬಹಿರಂಗಪಡಿಸಿದರು. ಅವರ ನಡಿಗೆ ಬದಲಾದದ್ದನ್ನು ಸುತ್ತಲಿನವರು ಅದಕ್ಕೂ ಮುನ್ನವೇ ಗಮನಿಸಿದ್ದರು.